ಕುಣಿಹುಳದ ಎಂಜಲು

ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖ ಅರ್ಧ ಅವನದಾಗಿತ್ತು, ಇನ್ನರ್ಧ ಯಾರೋ ಸುಖಿಯದು. ಎಡಗೆನ್ನೆ ಊದಿಕೊಂಡು, ಆ ಕಡೆಯ ಕಣ್ಣು ಕಿರಿದಾಗಿ, ತುಟಿಯ ಕೊನೆ ಮೇಲಕ್ಕೆಳೆದು, ಏನೋ ಒಳ್ಳೆಯ ಸುದ್ದಿ ಕೇಳಿದವನ ಹಾಗೆ ಅದು ನಗುತ್ತಿತ್ತು. ವಸಡಿನಲ್ಲಿ ಕೀವು ಕಟ್ಟಿತ್ತು. ನಿನ್ನೆ ಹಲ್ಲಿನ ಡಾಕ್ಟರು ಕನ್ನಡಿಯ ಕಡ್ಡಿಯನ್ನು ಬಾಯೊಳಗೆ ಆಡಿಸುತ್ತ, “ಏನ್ ಸ್ವಾಮಿ, ಬಾಯೊಳಗೆ ದೊಡ್ಡ ಸಂಸಾರಾನೇ ಸಾಕ್ಕೊಂಡಿದೀರಲ್ಲ” ಎಂದಿದ್ದರು. ಬಾಯಿ ತೆರೆದೇ ಇದ್ದುದರಿಂದ ಅವನಿಗೆ ಉತ್ತರ ಕೊಡಲು ಆಗಿರಲಿಲ್ಲ. ಬ್ಯಾಕ್ಟೀರಿಯಾ ಸಾಯಲು ಮಾತ್ರೆ ಬರೆದುಕೊಟ್ಟು, “ಅರ್ಧಕ್ಕೆ ನಿಲ್ಲಿಸ್ಬೇಡಿ. ನೋವು ಹೋಯ್ತು ಅಂತ ಬಿಟ್ಟರೆ ಮತ್ತೆ ಬರ್ತವೆ. ಬರುವಾಗ ನೆಂಟರನ್ನೂ ಕರ್ಕೊಂಡು ಬರ್ತವೆ” ಎಂದು ನಕ್ಕಿದ್ದರು. ನೆಂಟರು ಎಂಬ ಮಾತು ಮನೆಯವರೆಗೂ ಅವನ ಜೊತೆಗೇ ಬಂದಿತ್ತು. ಈಗ ಕನ್ನಡಿಯೆದುರು ನಿಂತು ಒಂದು ಮಾತ್ರೆ ನುಂಗಿದ. ನಗುವ ಅರ್ಧ ನುಂಗಿತೋ ಅಳುವ ಅರ್ಧ ನುಂಗಿತೋ ತಿಳಿಯಲಿಲ್ಲ.

“ಇವತ್ತು ನಿಮ್ಮ ಕೀಟಶಾಲೇಲಿ ಸಮಿತಿ ಕೂರುತ್ತಂತಲ್ಲ?” ಎಂದಳು ಹೆಂಡತಿ, ಹಾಲಿನ ಲೋಟ ಮುಂದಿಡುತ್ತ.

“ಹ್ಞೂಂ.”

“ತಂಗಿ ಫೋನ್ ಮಾಡಿದ್ಲು. ಅವಳ ಗಂಡ ನಿನ್ನೆಯಿಂದ ಗೋಡೆ ನೋಡ್ಕೊಂಡು ಭಾಷಣ ಮಾಡ್ತಿದಾರಂತೆ. ಕಾಯಂ ಮಾಡಿದ್ರೆ ಆಯ್ತು, ಇಲ್ಲಾಂದ್ರೆ ಗಂಟುಮೂಟೆ ಕಟ್ಕೊಂಡು ಹೊರಡೋದೇ ಅಂದ್ಲು.”

“ಹ್ಞೂಂ.”

“ನನ್ನ ಹತ್ರ ಹ್ಞೂಂ ಅನ್ಬೇಡಿ. ಅದಕ್ಕೆ ನಿಮಗೆ ಆಫೀಸಿದೆ.” ಅವಳು ಕುರ್ಚಿ ಎಳೆದು ಎದುರು ಕೂತಳು. “ನೋಡ್ರೀ, ಅವರ ಪರ ಎದ್ದು ನಿಂತು ಮಾತಾಡಿ ಅಂತ ನಾನು ಕೇಳಲ್ಲ. ಅಷ್ಟು ದೊಡ್ಡ ಆಸೆ ನನಗಿಲ್ಲ. ಬಾಯಿ ಊದಿದೆ, ದೇವರೇ ಕೊಟ್ಟ ನೆಪ. ಸುಮ್ಮನೆ ಹೋಗಿ, ಸುಮ್ಮನೆ ಕೂತು, ಸುಮ್ಮನೆ ಎದ್ದು ಬನ್ನಿ. ನನ್ನ ತಂಗಿ ಸಂಸಾರ ಉಳಿಯುತ್ತೆ.”

ಹಾಗಾದರೆ ಆಫೀಸಿನಲ್ಲಿ ಅವನ ಒಂದು ಮಾತು ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲವೆಂದು ಅವನು ಇಷ್ಟು ವರ್ಷ ನಂಬಿದ್ದ. ಅವನು ಕೆಲಸ ಮಾಡುವ, ಹುಳಗಳನ್ನು ಸಾಕಿ ಸಂಶೋಧನೆ ನಡೆಸುವ ಆ ಕೀಟಶಾಲೆಯಲ್ಲಿ ಯಾರಾದರೂ ಜಾರಿಬಿದ್ದ ದಿನ ಅವನು ಮನೆಗೆ ಬಂದು ಉಸ್ಸೆಂದು ಕೂತರೆ, “ಪಾಪ, ನಿಮ್ಮ ಮನಸ್ಸು ಎಷ್ಟು ಮೃದು” ಎಂದು ಅವಳು ಹೇಳುತ್ತಿದ್ದಳಲ್ಲ, ಅದರಲ್ಲಿ ಎಷ್ಟು ಪಾಲು ಕನಿಕರ ಎಷ್ಟು ಪಾಲು ಕುಟುಕು ಎಂದು ಈಗ ಹಿಂದಿನಿಂದ ಲೆಕ್ಕ ಹಾಕಬೇಕಾಗಿತ್ತು. ಹಾಲು ಗಂಟಲಿನಲ್ಲಿ ಇಳಿಯುವಾಗ ಹಲ್ಲು ಚುಳ್ಳೆಂದಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕೆನ್ನೆಯನ್ನು ತಣ್ಣಗಿನ ಗಾಜಿಗೆ ಒತ್ತಿಕೊಂಡ. ರಸ್ತೆಯನ್ನು ಯಾರೋ ಮತ್ತೆ ಅಗೆದಿದ್ದರು; ಗುಂಡಿಯ ಅಂಚಿನಲ್ಲಿ ಜನ ಒಬ್ಬರ ಭುಜ ಒಬ್ಬರು ಹಿಡಿದು ಹುಷಾರಾಗಿ ದಾಟುತ್ತಿದ್ದರು. ಚಿಕ್ಕವನಿದ್ದಾಗ ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಂದು ಹುಲಿ, ಅದರ ಬಾಯೊಳಗೆ, ಕೋರೆಹಲ್ಲಿನ ಸಂದಿಯಲ್ಲಿ, ಒಂದು ನೊಣದ ವಾಸ. ಹುಲಿ ಬೇಟೆಯಾಡಿದಾಗೆಲ್ಲ ನೊಣಕ್ಕೆ ಕೂತಲ್ಲೇ ಊಟ. ಹುಲಿ ಸತ್ತಿತು, ನೊಣವೂ ಸತ್ತಿತು, ಎರಡೂ ದೇವರ ಬಾಗಿಲಿಗೆ ಹೋದವು. ಹುಲಿ ತಲೆ ತಗ್ಗಿಸಿ, ಕೊಂದೆ ಸ್ವಾಮಿ ಎಂದಿತು. ನೊಣ ಮಾತ್ರ ಎದೆ ಉಬ್ಬಿಸಿ, ನಾನು ಒಂದು ಇರುವೆಯನ್ನೂ ಕಚ್ಚಿದವನಲ್ಲ, ನನ್ನ ಪಾಡಿಗೆ ಒಳಗೆ ಕೂತಿದ್ದೆ ಎಂದಿತು. ದೇವರು ಸಿಟ್ಟು ಮಾಡಲಿಲ್ಲ. ಹೌದಪ್ಪ ಹೌದು, ಎಲ್ಲಿ, ಸ್ವಲ್ಪ ಬಾಯಿ ಬಿಡು, ವಾಸನೆ ನೋಡೋಣ, ಎಂದನಂತೆ. ಇಲ್ಲಿಗೆ ಅಜ್ಜಿ ಕತೆ ನಿಲ್ಲಿಸಿ ಮಲಗಿಬಿಡುತ್ತಿದ್ದಳು. ಆಮೇಲೇನಾಯಿತು ಅಜ್ಜಿ ಎಂದರೆ, “ಆಮೇಲೆ ನೊಣ ಇನ್ನೂ ಬಾಯಿ ಮುಚ್ಚಿಕೊಂಡೇ ನಿಂತಿದೆ ಮಗಾ, ನೀನು ಮಲಗು” ಎನ್ನುತ್ತಿದ್ದಳು.

ಹೌದಪ್ಪ. ಕೀಟಶಾಲೆಯಲ್ಲಿ ಅವನ ಬೆನ್ನ ಹಿಂದಿನ ಹೆಸರೂ ಅದೇ. ಎದುರಿಗೆ ಸಾರ್. ಒಮ್ಮೆ ಮೆಟ್ಟಿಲಿನ ತಿರುವಿನಲ್ಲಿ ನಿಂತಿದ್ದಾಗ ಮೇಲಿನಿಂದ ಯಾರೋ, “ಹೌದಪ್ಪನ ಚಾವಡಿ ಇದು, ಇಲ್ಲಿ ಅಲ್ಲಪ್ಪನ್ನ ಯಾರು ಕೇಳ್ತಾರೆ” ಎಂದು ನಕ್ಕದ್ದು ಕೇಳಿಸಿತ್ತು. ಕೆಮ್ಮಿ, ನಿಧಾನವಾಗಿ ಹತ್ತಿ, ಅವರಿಗೆ ತಾನೇ ಮೊದಲು ನಮಸ್ಕಾರ ಹೇಳಿ ಮುಂದೆ ಹೋಗಿದ್ದ. ಆ ದಿನವೆಲ್ಲ ಅವನನ್ನು ಕಾಡಿದ್ದು ಅವಮಾನವಲ್ಲ. ಆ ನಗೆಯಲ್ಲಿ ಭಯ ಇರಲಿಲ್ಲವಲ್ಲ ಎಂಬ ಸಣ್ಣ ನಿರಾಸೆ. ಅವರು ಭಯಪಡುತ್ತಿದ್ದದ್ದು ದೊಡ್ಡವರಿಗೆ. ಕೀಟಶಾಲೆಯ ಮುಖ್ಯಸ್ಥರನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ದೊಡ್ಡವರು ಎಂದೂ ದನಿ ಏರಿಸಿದವರಲ್ಲ, ಯಾರನ್ನೂ ಬೈದವರಲ್ಲ. ಸಭೆಯಲ್ಲಿ ಕಣ್ಣು ಅರೆಮುಚ್ಚಿ ಕೂತಿರುತ್ತಿದ್ದರು. ಅವರ ಸುತ್ತಲಿನ ನೆಲ ಹೇಗೋ ಅವರ ಕಡೆಗೇ ಇಳಿಜಾರಾಗಿರುತ್ತಿತ್ತು. ಮಾತಾಡುವವನು ತನ್ನ ಮಾತಿನ ಮೇಲೆ ತಾನೇ ಕಾಲಿಟ್ಟು ಜಾರುತ್ತ, ಜಾರುತ್ತ, ಅವರೆದುರಿಗೆ ಬಂದು ಬಿದ್ದಾಗ ಅವರು ಒಮ್ಮೆ ಹೌದಪ್ಪನ ಕಡೆ ನೋಡುತ್ತಿದ್ದರು. ಅಷ್ಟೇ. ಆಗ ಹೌದಪ್ಪ, ಬಹಳ ಮೆಲ್ಲಗೆ, ಬಿದ್ದವನ ಪರವಾಗಿ ವಕಾಲತ್ತು ವಹಿಸುವವನ ಹಾಗೆ, ಒಂದು ಮಾತು ಹೇಳುತ್ತಿದ್ದ. “ತುಂಬ ಒಳ್ಳೆಯವರು. ಈಚೆಗೆ ಯಾಕೋ ಆರೋಗ್ಯ ಸರಿಯಿಲ್ಲ, ಪಾಪ.” ಆ ಮಾತಿನಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಅದನ್ನು ಕೇಳಿದ ಮೇಲೆ ಸಭೆಯ ಎಲ್ಲರೂ ಬಿದ್ದವನತ್ತ ಕನಿಕರದಿಂದ ನೋಡುತ್ತಿದ್ದರು, ಆ ಕನಿಕರ ಮೈಗೆ ಏರಿ ಅವನ ಕೈಕಾಲು ಬಿದ್ದುಹೋಗುತ್ತಿತ್ತು. ಜೇಡಗಳ ಮೇಲೆ ಕೆಲಸ ಮಾಡುತ್ತಿದ್ದ, ಎಲ್ಲರೂ ಜೇಡದಮ್ಮ ಎನ್ನುತ್ತಿದ್ದ ಒಬ್ಬಾಕೆ, ತನ್ನ ವಿಭಾಗ ಮುಚ್ಚಿದ ದಿನ ಅವನನ್ನು ಮೊಗಸಾಲೆಯಲ್ಲಿ ತಡೆದು, ಜಗಳವಾಡದೆ, ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದ್ದಳು: “ನನಗೆ ಆರೋಗ್ಯ ಸರಿಯಿಲ್ಲವಾ? ಏನಾಗಿದೆ ನನಗೆ?” ಮರುವರ್ಷ ಅವಳಿಗೆ ನಿಜವಾಗಿಯೇ ಏನೋ ಆಯಿತೆಂದು ಸುದ್ದಿ ಬಂತು. ಹೌದಪ್ಪ ಅಂದು ಗುಡಿಗೆ ಹೋಗಿ ಬಹಳ ಹೊತ್ತು ಕೂತಿದ್ದ. ಕಣ್ಣು ಮುಚ್ಚಿದರೆ ದೇವರ ಮುಖ ಬರಲಿಲ್ಲ. ಬಾಯಿ ಬಿಡು ಎನ್ನುವ ದನಿ ಮಾತ್ರ ಬಂತು. ಅವನು ತುಟಿ ಬಿಗಿದು ಎದ್ದು ಬಂದ.

ಕೀಟ ಸಾಕುವ ಕೋಣೆ ತಂಪಾಗಿತ್ತು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಪಿಂಗಾಣಿ ಬಟ್ಟಲುಗಳು, ಬಟ್ಟಲುಗಳಲ್ಲಿ ಸಣ್ಣ ಮರಳು, ಮರಳಿನ ನಡುವೆ ಆಲಿಕೆಯಂತೆ ನುಣ್ಣಗೆ ಇಳಿದ ಒಂದೊಂದು ಕುಣಿ. ಕುಣಿಯ ತಳದಲ್ಲಿ ಮರಳೊಳಗೆ ಮೈ ಹೂತು, ಎರಡು ಕೊಕ್ಕೆಯಂಥ ದವಡೆ ಮಾತ್ರ ಹೊರಗಿಟ್ಟು ಕಾಯುವುದು ಕುಣಿಹುಳ. ಇರುವೆ ಅಂಚಿಗೆ ಬಂದು ಜಾರಿದರೆ ಮುಗಿಯಿತು: ದವಡೆಯಿಂದ ಹಿಡಿದು, ಚುಚ್ಚಿ, ಎಂಜಲು ಬಿಟ್ಟು, ಇರುವೆಯ ಕಾಲು ಆಡದಂತೆ ಮಾಡಿ, ಒಳಗಿನದನ್ನು ಹೀರಿ, ಒಣಸಿಪ್ಪೆಯನ್ನು ತಲೆ ಕೊಡವಿ ಆಚೆ ಎಸೆಯುತ್ತದೆ. ತಿಂದದ್ದರ ಕಸವನ್ನು ಮಾತ್ರ ಹೊರಗೆ ಹಾಕುವುದಿಲ್ಲ; ರೆಕ್ಕೆ ಬರುವವರೆಗೂ, ಬೇಕಾದರೆ ವರ್ಷಗಟ್ಟಲೆ, ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ದೊಡ್ಡವರು ಈ ಹುಳದಿಂದಲೇ ದೊಡ್ಡವರಾದದ್ದು. ಹುಳ ತನ್ನ ವಿಷವನ್ನು ತಾನೇ ತಯಾರಿಸುತ್ತದೆ, ಅದರ ಕೊಲ್ಲುವ ಶಕ್ತಿ ಅದರದೇ ರಕ್ತದ ಗುಣ ಎಂದು ಅವರು ಪುಸ್ತಕ ಬರೆದಿದ್ದರು. ಆ ಪುಸ್ತಕದ ಮುನ್ನುಡಿಯಲ್ಲಿ ಸ್ವಾವಲಂಬನೆ ಎಂಬ ಮಾತು ಎಷ್ಟು ಸಲ ಬಂದಿದೆಯೆಂದು ಅದನ್ನು ಬರೆದುಕೊಟ್ಟ ಹೌದಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಷಡ್ಡಕ ಆಗಲೇ ಬಂದಿದ್ದ. ಹೆಂಡತಿಯ ತಂಗಿಯ ಗಂಡ. ತೆಳ್ಳಗಿನವನು, ಇಸ್ತ್ರಿಯ ಗೆರೆ ಮುರಿಯದ ಅಂಗಿ, ಕ್ಷಮೆ ಕೇಳುವಂಥ ಕತ್ತು. ಈ ಕೆಲಸಕ್ಕೆ ಹಂಗಾಮಿಯಾಗಿ ಸೇರಿಸಿದ್ದು ಹೌದಪ್ಪನೇ, ಒಂದು ಹೌದಿಗೆ ಪ್ರತಿಫಲವಾಗಿ. ಪುಣ್ಯಾತ್ಮ ಸುಮ್ಮನಿರದೆ ಹುಳಗಳಿಗೆ ಆ್ಯಂಟಿಬಯಾಟಿಕ್ ಕುಡಿಸಿ ನೋಡಿದ್ದ. ಅದನ್ನು ಕುಡಿದ ಹುಳಗಳು ಎಂದಿನಂತೆ ಕುಣಿ ತೋಡಿದವು, ಎಂದಿನಂತೆ ಹಿಡಿದವು, ಎಂದಿನಂತೆ ಕಚ್ಚಿದವು. ಇರುವೆ ಮಾತ್ರ ಕೈಕಾಲು ಕೊಡವಿಕೊಂಡು ಎದ್ದು ಹೋಯಿತು.

“ಭಾವ, ಹಲ್ಲು ಹೇಗಿದೆ?”

“ಇದೆ.”

“ಮಾತ್ರೆ ಕೊಟ್ರಾ?” ಮಾತ್ರೆಯ ಹೆಸರು ಕೇಳಿ ತಿಳಿದು ನಕ್ಕ. “ಅಯ್ಯೋ, ನಾನು ಹುಳಕ್ಕೆ ಕೊಟ್ಟಿದ್ದೂ ಅದೇ ಜಾತಿದು.” ಆಮೇಲೆ ನಗು ಅಡಗಿತು. “ಭಾವ, ಇವತ್ತು ನಾನು ಹೇಳಿಬಿಡ್ತೀನಿ. ವಿಷ ಹುಳದ್ದಲ್ಲ, ಅದರ ಎಂಜಲಲ್ಲಿ ಬದುಕೋ ಬ್ಯಾಕ್ಟೀರಿಯಾದ್ದು. ಹುಳ ಅದಕ್ಕೆ ಮನೆ ಕೊಡುತ್ತೆ, ಊಟ ಕೊಡುತ್ತೆ. ಅದು ಹುಳಕ್ಕೆ ವಿಷ ಕೊಡುತ್ತೆ. ಒಂದನ್ನ ಬಿಟ್ಟು ಒಂದಕ್ಕೆ ಗತಿಯಿಲ್ಲ.”

“ದೊಡ್ಡವರಿಗೆ ಬೇಜಾರಾಗುತ್ತೆ,” ಎಂದ ಹೌದಪ್ಪ.

“ಹುಳಕ್ಕೇ ಬೇಜಾರಾಗಿಲ್ಲ ಭಾವ, ಅವರಿಗ್ಯಾಕೆ?”

“ಬ್ಯಾಕ್ಟೀರಿಯಾಕ್ಕೆ ಗೊತ್ತಿರುತ್ತಾ,” ಹೌದಪ್ಪ ಬಾಯಿ ಓರೆ ಮಾಡಿಕೊಂಡು ಕೇಳಿದ, “ತಾನು ಕೊಲ್ತಾ ಇದೀನಿ ಅಂತ?”

ಷಡ್ಡಕ ಅದನ್ನು ತಮಾಷೆ ಎಂದುಕೊಂಡ. “ಅದರ ಪಾಲಿಗೆ ಅದು ಒಂದು ಬೆಚ್ಚಗಿನ ಕೋಣೇಲಿ ಸಂಸಾರ ಮಾಡ್ಕೊಂಡಿದೆ. ಅಷ್ಟೇ.” ಬಟ್ಟಲೊಂದನ್ನು ಬೆರಳಿಂದ ತಟ್ಟಿದ. “ಆದರೆ ಔಷಧಿ ಕುಡಿಸಿದ ಇವಕ್ಕೆ ಮರಳನ್ನ ಕಾಸಿ ಆರಿಸಿ ಹಾಕಬೇಕು. ಹೊರಗಿನ ಮರಳು ಹಾಕಿದರೆ ಬೇರೆ ಬ್ಯಾಕ್ಟೀರಿಯಾ ಬಂದು ಸೇರ್ಕೊಂಡುಬಿಡ್ತವೆ. ಖಾಲಿ ಮನೆ ಅಲ್ವಾ, ಯಾರಾದ್ರೂ ಬಂದೇ ಬರ್ತಾರೆ.”

ಅವನು ತನ್ನ ಚಿತ್ರಗಳನ್ನು ಜೋಡಿಸಲು ಸಭಾಂಗಣಕ್ಕೆ ಹೋದ. ಹೌದಪ್ಪನಿಗೆ ಇದ್ದದ್ದು ಒಂದು ಹಳೆಯ ಕೆಲಸ. ಅತಿಥಿಗಳು ಬಂದಾಗೆಲ್ಲ ದೊಡ್ಡವರು ತಮ್ಮ ಕೈಯಾರೆ ಒಂದು ಇರುವೆಯನ್ನು ಬಟ್ಟಲಿಗೆ ಹಾಕಿ ತೋರಿಸಬೇಕು. ಅದು ಕೀಟಶಾಲೆಯ ಪದ್ಧತಿ. ಹುಳ ಕಚ್ಚದೆ ಹೋದರೆ ಮರ್ಯಾದೆ ಹೋಗುತ್ತದೆಂದು, ಕುಣಿಗಳ ಅಂಚನ್ನು ಹುಲ್ಲುಕಡ್ಡಿಯಿಂದ ಕೆರೆದು ನೋಡಿ, ಎಲ್ಲಕ್ಕಿಂತ ಹಸಿದ ಹುಳವನ್ನು ಅವನು ಆರಿಸಿಡುತ್ತಿದ್ದ. ಇಂದೂ ಕಡ್ಡಿ ಹಿಡಿದು ಹಲಗೆಯಿಂದ ಹಲಗೆಗೆ ಹೋದ. ಮೇಲಿನವು ತಿಂದು ತೇಗಿದ ಯಜಮಾನರ ಹಾಗೆ ಅಲುಗಲಿಲ್ಲ. ಕೆಳಗಿನ ಹಲಗೆಯಲ್ಲಿ ಒಂದು ಬಟ್ಟಲು, ಕಡ್ಡಿ ತಾಗಿತೋ ಇಲ್ಲವೋ, ಮರಳೆಲ್ಲ ಚಿಮ್ಮಿ ದವಡೆಗಳು ಕಡ್ಡಿಯನ್ನು ಕಚ್ಚಿ ಎಳೆದವು. ಎಂಥ ಹಸಿವು! ಇಷ್ಟು ವರ್ಷದಲ್ಲಿ ಇಂಥ ಹಸಿವನ್ನು ಅವನು ಕಂಡಿರಲಿಲ್ಲ. ಹಲ್ಲು ಸಿಡಿಯುತ್ತಿತ್ತು, ಬಟ್ಟಲಿನ ಕತ್ತಿಗೆ ಒಂದು ನೀಲಿ ದಾರ ಸುತ್ತಿತ್ತು, ದಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಬಟ್ಟಲನ್ನು ಒರೆಸಿ ತಟ್ಟೆಯ ಮೇಲಿಟ್ಟ. ಷಡ್ಡಕ ತನ್ನ ಬಟ್ಟಲುಗಳಿಗೆ ದಾರ ಕಟ್ಟುತ್ತಾನೆಂದು ಅವನಿಗೆ ಗೊತ್ತಿತ್ತೇ? ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಿತ್ತೇ? ಈ ಪ್ರಶ್ನೆಯನ್ನು ಅವನು ಆ ದಿನ ಹಲವು ಸಲ ಕೇಳಿಕೊಂಡ, ಪ್ರತಿ ಸಲವೂ ನಾಲಿಗೆ ಹೋಗಿ ಊದಿದ ವಸಡನ್ನು ಮುಟ್ಟಿ ಬಂತು.

ದೊಡ್ಡವರು ಬಾಗಿಲಲ್ಲಿ ನಿಂತಿದ್ದರು. ಅವರ ಚಪ್ಪಲಿಗೆ ಎಂದೂ ಸದ್ದಿರಲಿಲ್ಲ.

“ಏನಿದು ಮುಖ?”

“ವಸಡು, ಸಾರ್.”

“ಛೆ ಛೆ.” ಹತ್ತಿರ ಬಂದು, ಊದಿದ ಕೆನ್ನೆಯನ್ನು ಬಾಡಿಗೆ ಮನೆಯ ಗೋಡೆ ನೋಡುವ ಮಾಲೀಕನ ಹಾಗೆ ನೋಡಿದರು. “ಮಾತಾಡೋಕೆ ಆಗುತ್ತೆ ತಾನೆ?”

“ಆಗುತ್ತೆ, ಸಾರ್.”

“ಒಂದೇ ಮಾತು. ಹೆಚ್ಚಿಗೆ ಬೇಡ.” ಕಿಟಕಿಯಾಚೆ ನೋಡುತ್ತ ಮುಂದುವರಿಸಿದರು, “ಹುಡುಗ ಒಳ್ಳೆಯವನೇ. ನಿಮ್ಮ ನೆಂಟ, ಅದೂ ಗೊತ್ತು. ಅದಕ್ಕೇ ನೀವೇ ಹೇಳಿದರೆ ಅವನಿಗೂ ಗೌರವ. ಹೊರಗಿನವರು ಹೇಳಿದರೆ ಚೆನ್ನಾಗಿರಲ್ಲ, ಅಲ್ವಾ?”

“ಹೌದು, ಸಾರ್.”

ಆ ಹೌದು ಹೇಗೆ ಹೊರಗೆ ಬಂತೆಂದು ಅವನು ಬೆರಗಾದ. ಅದಕ್ಕೆ ಅವನ ಅಪ್ಪಣೆ ಬೇಕಿರಲಿಲ್ಲ. ಮನೆಯ ಹಳೆಯ ಆಳಿನ ಹಾಗೆ, ಯಜಮಾನ ಏಳುವ ಮೊದಲೇ ಎದ್ದು ಅಂಗಳ ಗುಡಿಸಿಬಿಟ್ಟಿತ್ತು.

ಸಭಾಂಗಣದ ಉದ್ದ ಮೇಜಿನ ತಲೆಗೆ ಸಮಿತಿಯ ಅಧ್ಯಕ್ಷೆ ಕೂತಿದ್ದರು; ವಯಸ್ಸಾದವರು, ಕನ್ನಡಕವನ್ನು ಸೆರಗಿನಿಂದ ಒರೆಸುತ್ತಲೇ ಇರುವವರು, ಒರೆಸುವಾಗ ಜಗತ್ತು ಮಸುಕಾಗಿ ಕಾಣುವುದೇ ಅವರಿಗೆ ಇಷ್ಟವೇನೋ ಎನಿಸುವಷ್ಟು. ಅವರ ಎಡಬಲಕ್ಕೆ ಇನ್ನಿಬ್ಬರು ಸದಸ್ಯರು, ಊಟದ ಹೊತ್ತನ್ನು ಕಾಯುತ್ತ. ಒಂದು ಬದಿಗೆ ದೊಡ್ಡವರು, ಅವರ ಪಕ್ಕಕ್ಕೆ, ಎಂದಿನಂತೆ ಅರ್ಧ ಕುರ್ಚಿ ಹಿಂದಕ್ಕೆ, ಹೌದಪ್ಪ. ಎದುರಿಗೆ ಷಡ್ಡಕ ಒಬ್ಬನೇ. ಅವನ ಮೊಣಕಾಲು ಮೇಜಿನ ಕೆಳಗೆ ನಡುಗುತ್ತಿದ್ದುದು ಮೇಜಿನ ಮೇಲಿನ ನೀರಿನ ಲೋಟದಲ್ಲಿ ಕಾಣುತ್ತಿತ್ತು.

“ಮೊದಲು ನಮ್ಮ ಪದ್ಧತಿ,” ಎಂದು ದೊಡ್ಡವರು ಎದ್ದರು. ಬಟ್ಟಲನ್ನು ಅಧ್ಯಕ್ಷೆಯ ಮುಂದೆ ಸರಿಸಿ, ಚಿಮಟಿಗೆಯಿಂದ ಒಂದು ಕಪ್ಪು ಇರುವೆಯನ್ನು ಎತ್ತಿದರು. “ನೋಡಿ ಅಮ್ಮಾ. ಈ ಜೀವಿ ಯಾರನ್ನೂ ನಂಬಿಕೊಂಡಿಲ್ಲ. ಇದರ ವಿಷ ಇದರದ್ದೇ. ಒಂದು ಹಿಡಿತ, ಒಂದು ಚುಚ್ಚು, ಮುಗೀತು.”

ಇರುವೆ ಬಿತ್ತು. ಮರಳು ಜಾರಿತು. ದವಡೆಗಳು ಟಕ್ಕೆಂದು ಮುಚ್ಚಿದವು. ಅಂಥ ಹಿಡಿತವನ್ನು ನೋಡಿ ಊಟಕ್ಕೆ ಕಾಯುತ್ತಿದ್ದ ಸದಸ್ಯರೂ ಮುಂದಕ್ಕೆ ಬಾಗಿದರು. ಹುಳ ಚುಚ್ಚಿತು. ಇರುವೆ ಒದ್ದಾಡಿತು. ಹುಳ ಮತ್ತೆ ಚುಚ್ಚಿತು. ಇರುವೆ ಮತ್ತೆ ಒದ್ದಾಡಿತು. ಹೌದಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಜೇಬಿನಲ್ಲಿ ಅವನ ಬೆರಳು ನೀಲಿ ದಾರವನ್ನು ಮುಟ್ಟಿತು. ಹುಳ ಪಾಪ, ತನಗೆ ತಿಳಿದಷ್ಟನ್ನೆಲ್ಲ ಮಾಡಿತು. ಅಲುಗಿಸಿತು, ಮರಳಿಗೆ ಬಡಿಯಿತು, ಮತ್ತೆ ಮತ್ತೆ ಕಚ್ಚಿತು, ಹಲ್ಲಿಲ್ಲದ ಮುದುಕ ಕಡಲೆ ಅಗಿಯುವ ಹಾಗೆ. ಕೊನೆಗೆ ಸೋತು ದವಡೆ ಸಡಿಲಿಸಿತು. ಇರುವೆ ತನ್ನ ಮೀಸೆಯನ್ನು ಒರೆಸಿಕೊಂಡು, ಒಂದು ಕಾಲು ಸ್ವಲ್ಪ ಎಳೆಯುತ್ತ, ಕುಣಿ ಹತ್ತಿ, ಬಟ್ಟಲಿನ ಅಂಚು ದಾಟಿ, ಮೇಜಿನ ಮೇಲಿದ್ದ ದೊಡ್ಡವರ ಪುಸ್ತಕದ ಹೊದಿಕೆಯ ಮೇಲೆ ನಡೆದು ಹೋಯಿತು.

“ಇರುವೆಗೆ ಯಾರೂ ಹೇಳಿಲ್ಲ ಅಂತ ಕಾಣುತ್ತೆ,” ಎಂದರು ಅಧ್ಯಕ್ಷೆ.

ಸದಸ್ಯರಲ್ಲೊಬ್ಬ ಫಕ್ಕನೆ ನಕ್ಕ. ಆ ನಗೆ ಮೇಜಿನ ಮೇಲೆ ಬಿದ್ದು ಉರುಳಿತು. ಎದುರಿಗೆ ಷಡ್ಡಕನ ಮುಖ ಬಿಳಿಚಿಕೊಂಡಿತ್ತು. ತನ್ನ ಬಟ್ಟಲನ್ನು ಅವನು ಗುರುತಿಸಿದ್ದ. ಅವನು ಗೋಡೆಗೆ ಹೇಳಿ ಕಲಿತ ಭಾಷಣವನ್ನೆಲ್ಲ ಆ ಇರುವೆ ಒಂದು ಮಾತೂ ಆಡದೆ ಹೇಳಿ ಮುಗಿಸಿತ್ತು. ದೊಡ್ಡವರು ಒಮ್ಮೆ ಹೌದಪ್ಪನ ಕಡೆ ನೋಡಿದರು.

ಮಾತು ಬಂದಿತ್ತು. ಅದು ನಾಲಿಗೆಯ ಬುಡದಿಂದ ಎದ್ದು, ತಾನಾಗಿಯೇ ಸಾಲುಗೂಡಿ ನಿಂತಿತ್ತು: ನಮ್ಮ ಹುಡುಗ ತುಂಬ ಒಳ್ಳೆಯವನು, ಈಚೆಗೆ ಯಾಕೋ ಆರೋಗ್ಯ ಸರಿಯಿಲ್ಲ, ಹುಳಗಳಿಗೆ ಏನೇನೋ ಕುಡಿಸ್ತಾನೆ, ಪಾಪ. ಇಷ್ಟು ಹೇಳಿದರೆ ಸಾಕು. ತುಟಿಯವರೆಗೂ ಬಂದದ್ದನ್ನು ಅವನು ರುಚಿ ನೋಡಿದ. ಕೀವಿನ ರುಚಿಯೂ ಮಾತ್ರೆಯ ಕಹಿಯೂ ಅದಕ್ಕೆ ಬೆರೆತಿತ್ತು. ಜೇಡದಮ್ಮ ಮೊಗಸಾಲೆಯಲ್ಲಿ ನಿಂತಿದ್ದಳು. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸುಮ್ಮನೆ ಕೂತು ಸುಮ್ಮನೆ ಎದ್ದು ಬನ್ನಿ ಎಂದ ಹೆಂಡತಿ ಕುರ್ಚಿ ಎಳೆದು ಎದುರು ಕೂತಳು. ಹೌದಪ್ಪ ನಿಧಾನವಾಗಿ ಕೈ ಎತ್ತಿ ಊದಿದ ಕೆನ್ನೆಯ ಮೇಲಿಟ್ಟುಕೊಂಡ. ತಲೆ ಆಡಿಸಿದ. ಆಗುವುದಿಲ್ಲ.

ದೊಡ್ಡವರು ಕಾದರು. ಬದುಕಿನಲ್ಲಿ ಮೊದಲ ಸಲ ಆ ಮಾತನ್ನು ಅವರೇ ಆಡಬೇಕಾಯಿತು. “ಇದು... ಇದು ಸರಿಯಿಲ್ಲ,” ಎಂದರು. ಯಾರೂ ಬೆಚ್ಚಲಿಲ್ಲ. “ಇದರಲ್ಲಿ ಕೆಲವರ ಕೈವಾಡ...” ಎಂದರು. ಅಧ್ಯಕ್ಷೆ ಕನ್ನಡಕ ಹಾಕಿಕೊಂಡು, “ಯಾರದ್ದು?” ಎಂದು ಸರಳವಾಗಿ ಕೇಳಿದರು. ದೊಡ್ಡವರ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಅವರ ಮಾತಿಗೆ ಹರಿತ ಇತ್ತು, ಸಿಟ್ಟು ಇತ್ತು, ಒಳಗೆ ಏನೂ ಇರಲಿಲ್ಲ. ಹೌದಪ್ಪನಿಗೆ ಅವರ ಮೇಲೆ ಅಯ್ಯೋ ಎನಿಸಿತು, ಜೊತೆಗೇ ಎದೆಯೊಳಗೆ ಸಣ್ಣದೊಂದು ದೀಪ ಹೊತ್ತಿದ ಹಾಗೆ. ಮುಗಿಯಿತು, ಭಗವಂತಾ. ಬಾಯಿ ಬಿಡು ಎಂದರೆ ಈಗ ಬಿಡುತ್ತೇನೆ. ಷಡ್ಡಕ ಎದ್ದು ನಿಲ್ಲುವುದೊಂದೇ ಬಾಕಿ. ಎದ್ದು, ಇದೇ ನನ್ನ ಸಂಶೋಧನೆ, ಈ ಇರುವೆಯೇ ಸಾಕ್ಷಿ, ಎಂದರೆ ಆಯಿತು.

ಷಡ್ಡಕ ಎದ್ದು ನಿಂತ.

ಅವನು ಮೊದಲು ಬಟ್ಟಲನ್ನು ನೋಡಿದ. ಆಮೇಲೆ ದೊಡ್ಡವರ ಮುಖ ನೋಡಿದ. ಒಡೆಯ ಬಿಟ್ಟುಹೋದ ಮನೆಯ ಹಾಗೆ ಬಾಗಿಲು ತೆರೆದುಕೊಂಡಿದ್ದ ಮುಖ. ಆಮೇಲೆ, ಆ ಮುಖದ ಪಕ್ಕ, ಅರ್ಧ ಕುರ್ಚಿ ಹಿಂದಕ್ಕಿದ್ದ ಜಾಗವನ್ನು ನೋಡಿದ. ಅವನು ನೋಡಿದ್ದು ಹೌದಪ್ಪನನ್ನಲ್ಲ, ಜಾಗವನ್ನು. ಅವನ ಮೊಣಕಾಲು ನಡುಗುವುದು ನಿಂತಿತು. ಲೋಟದ ನೀರು ನಿಶ್ಚಲವಾಯಿತು.

“ಅಮ್ಮಾ, ದಯವಿಟ್ಟು ದೊಡ್ಡವರನ್ನ ತಪ್ಪು ತಿಳೀಬೇಡಿ,” ಎಂದ. ದನಿ ಬಹಳ ಮೆಲ್ಲಗಿತ್ತು. “ಅವರದೇನೂ ತಪ್ಪಿಲ್ಲ. ಇದು ಔಷಧಿ ಕುಡಿಸಿದ ಬಟ್ಟಲು, ತೋರಿಸೋ ಬಟ್ಟಲಲ್ಲ. ಭಾವ ಅದಲುಬದಲು ಮಾಡಿಬಿಟ್ಟಿದಾರೆ.” ಒಂದು ಕ್ಷಣ ತಡೆದ. “ಭಾವ ತುಂಬ ಒಳ್ಳೆಯವರು. ಈಚೆಗೆ ಆರೋಗ್ಯ ಸರಿಯಿಲ್ಲ. ಪಾಪ, ಮಾತ್ರೆ ಬೇರೆ ತಗೊಳ್ತಿದಾರೆ.”

ಎಲ್ಲರೂ ಹೌದಪ್ಪನತ್ತ ತಿರುಗಿದರು. ಅಧ್ಯಕ್ಷೆಯ ಕಣ್ಣಲ್ಲಿ ಕನಿಕರ ತುಂಬಿತು. ನಕ್ಕಿದ್ದ ಸದಸ್ಯ ನಾಚಿ ತಲೆ ತಗ್ಗಿಸಿದ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೌದಪ್ಪನ ಪಾದ ಮೊದಲು ಮರಗಟ್ಟಿತು, ಆಮೇಲೆ ಮೊಣಕಾಲು, ಸೊಂಟ. ಎಷ್ಟೊಂದು ಜನಕ್ಕೆ ಉಣಿಸಿದ್ದನ್ನು ಅವನು ಈವರೆಗೆ ಉಂಡು ನೋಡಿರಲಿಲ್ಲ. ಅವನಿಗೆ ಬೆರಗಾದದ್ದು ಒಂದೇ: ಅದು ನೋಯುವುದೇ ಇಲ್ಲ. ಬೆಚ್ಚಗಿರುತ್ತದೆ. ಅದಕ್ಕೇ ಅವರ್ಯಾರೂ ಕೂಗಿಕೊಳ್ಳಲಿಲ್ಲ. ಅದಕ್ಕೇ ಆಕೆ ಜಗಳವಾಡದೆ, ಏನಾಗಿದೆ ನನಗೆ ಎಂದು ಕೇಳಿದ್ದಳು. ಅವನ ಬಾಯಲ್ಲೂ ಅದೇ ಪ್ರಶ್ನೆ ಬಂದು ನಿಂತಿತ್ತು.

“ಹೋಗಿ, ವಿಶ್ರಾಂತಿ ತಗೊಳ್ಳಿ,” ಎಂದರು ದೊಡ್ಡವರು. ಅವರ ಕಣ್ಣು ಮತ್ತೆ ಅರೆಮುಚ್ಚಿತ್ತು. “ಎಷ್ಟು ದಿನ ಬೇಕಾದರೂ ತಗೊಳ್ಳಿ. ಇಲ್ಲಿ ನೋಡ್ಕೊಳ್ಳೋರು ಇದಾರೆ.” ಆಮೇಲೆ ಷಡ್ಡಕನ ಕಡೆ ತಿರುಗಿ, “ನಿಮ್ಮ ವಿಷಯ ಏನಿತ್ತು?” ಎಂದರು.

“ಅದು ಇನ್ನೂ ಪಕ್ವ ಆಗಿಲ್ಲ ಸಾರ್,” ಎಂದ ಷಡ್ಡಕ. “ತಮ್ಮ ಮಾರ್ಗದರ್ಶನ ಬೇಕು.”

ಹೌದಪ್ಪ ಎದ್ದು ಬಾಗಿಲು ದಾಟುವಾಗ, ಷಡ್ಡಕ ಮೇಜಿನ ಸುತ್ತು ಹಾಕಿ ಬಂದು, ಖಾಲಿಯಾದ ಕುರ್ಚಿಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ಕೂತ ಸದ್ದು ಕೇಳಿಸಿತು.

ಇನ್ನೂ ಬಿಸಿಲಿತ್ತು. ಮನೆಗೆ ನಡೆದೇ ಹೋದ. ಅಗೆದ ರಸ್ತೆಯ ಅಂಚಿನಲ್ಲಿ ಯಾರೋ ಅಪರಿಚಿತರು ಅವನ ಮುಖ ನೋಡಿ ಮೊಣಕೈ ಹಿಡಿದು ದಾಟಿಸಿದರು. ಅವನು ಧನ್ಯವಾದ ಹೇಳಿದ. ಆ ಮಾತು ಸರಾಗವಾಗಿ ಬಂತು. ಅರ್ಧ ದಾರಿಯಲ್ಲಿ ಕಾಲುಗಳಿಗೆ ಜೀವ ಬಂದಂತೆ ಹಲ್ಲು ಸಿಡಿಯತೊಡಗಿತು. ಅವನಿಗೆ ಸಮಾಧಾನವಾಯಿತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮುಖ ಹೂವಾಗಿತ್ತು.

“ಏನಾದ್ರೂ ಹೇಳಿದ್ರಾ ಅಲ್ಲಿ?”

“ಏನೂ ಹೇಳಲಿಲ್ಲ.”

“ನನಗ್ಗೊತ್ತು. ತಂಗಿ ಫೋನ್ ಮಾಡಿದ್ಲು, ಕಾಯಂ ಆಯ್ತಂತೆ! ಅಳ್ತಾ ಇದ್ಲು ಪಾಪ, ಖುಷಿಗೆ. ನೀವು ಸುಮ್ಮನಿದ್ದದ್ದೇ ದೊಡ್ಡ ಉಪಕಾರ ಅಂದ್ಲು.” ಅವನ ಕೈಯಿಂದ ಚೀಲ ತಗೊಂಡಳು. ಇಷ್ಟು ವರ್ಷದಲ್ಲಿ ಅವಳು ಅವನನ್ನು ಈ ಕಣ್ಣಿನಿಂದ ನೋಡಿರಲಿಲ್ಲ. “ಅಷ್ಟೇ ಅಲ್ಲ ಕಣ್ರೀ. ಅವರು ನಿಮ್ಮ ಬಗ್ಗೆ ಸಮಿತಿ ಮುಂದೆ ಎಷ್ಟು ಚೆನ್ನಾಗಿ ಮಾತಾಡಿದ್ರಂತೆ! ಭಾವ ತುಂಬ ಒಳ್ಳೆಯವರು ಅಂತ ಎಲ್ಲರೆದುರಿಗೂ ಹೇಳಿದ್ರಂತೆ. ಇದ್ದರೆ ಇಂಥ ನೆಂಟರಿರಬೇಕು. ಏನು, ನಿಜ ತಾನೆ?”

ಅವನು ಕುರ್ಚಿಯಲ್ಲಿ ಕೂತ. ನಾಲಿಗೆಯ ಬುಡದಲ್ಲಿ ಅದು ಆಗಲೇ ಎದ್ದು ನಿಂತಿತ್ತು, ಹಳೆಯ ಆಳಿನ ಹಾಗೆ, ಪೊರಕೆ ಹಿಡಿದು: ಒಳ್ಳೆಯ ಹುಡುಗನೇ, ಆದರೆ ಈಚೆಗೆ ಯಾಕೋ... ಇಷ್ಟು ಸಾಕಿತ್ತು. ಉಳಿದದ್ದನ್ನು ಹೆಂಡತಿ ಕೇಳಿ ತಿಳಿದುಕೊಳ್ಳುತ್ತಿದ್ದಳು. ಸಂಜೆಯೊಳಗೆ ಅದು ತಂಗಿಯ ಮನೆ ಮುಟ್ಟುತ್ತಿತ್ತು. ಆ ಸಂಸಾರ ಮತ್ತೆಂದೂ ಈ ಹೊಸಿಲು ತುಳಿಯುತ್ತಿರಲಿಲ್ಲ. ಮಾತು ಕಳಿತಿತ್ತು. ರುಚಿಯಾಗಿತ್ತು.

“ಯಾಕೆ, ಏನಾಯ್ತು? ಏನೋ ಹೇಳೋಕೆ ಹೊರಟ್ರಲ್ಲ?”

ಅವನು ಕೈ ಚಾಚಿ ಮಾತ್ರೆಯ ಪಟ್ಟಿ ತೋರಿಸಿದ. ಅವಳು ಒಂದನ್ನು ಬಿಡಿಸಿ ಅಂಗೈಯಲ್ಲಿಟ್ಟು, ನೀರಿನ ಲೋಟ ಕೊಟ್ಟಳು.

“ನೋವು ಹೋಯ್ತು ಅಂತ ಅರ್ಧಕ್ಕೆ ಬಿಡಬೇಡಿ ಮತ್ತೆ,” ಎಂದಳು. “ಪೂರ್ತಿ ಮುಗಿಸಿ.”

ಮಾತ್ರೆಯನ್ನು ನಾಲಿಗೆಯ ಮೇಲೆ, ಆ ಮಾತಿನ ಪಕ್ಕದಲ್ಲೇ ಇಟ್ಟುಕೊಂಡ. ಕಣ್ಣು ಮುಚ್ಚಿ, ಎರಡನ್ನೂ ಒಟ್ಟಿಗೆ ನುಂಗಿದ. ಆಮೇಲೆ, ಯಾರೋ ಬಹಳ ಕಾಲದಿಂದ ಕೇಳುತ್ತಲೇ ಇದ್ದ ಹಾಗೆ, ನೋವನ್ನು ಲೆಕ್ಕಿಸದೆ, ಬಾಯಿಯನ್ನು ಅಗಲವಾಗಿ ತೆರೆದ.

“ಎಲ್ಲಿ, ನೋಡೋಣ,” ಎಂದು ಹೆಂಡತಿ ಬೆಳಕಿಗೆ ಅವನ ಗದ್ದ ತಿರುಗಿಸಿದಳು. “ಅಬ್ಬಾ, ಏನ್ ವಾಸನೆ ರೀ!”